ಕೊಂಬಿನ ತಲೆಗಳ ಮುನಿಶಾಮಣ್ಣ

ಮುನಿಶಾಮಣ್ಣನವರ ಹಿತ್ತಿಲಗೋಡೆಯ ಮೇಲೆ ಕೊಂಬಿನ ತಲೆಬುರುಡೆಗಳು ಸಾಲಾಗಿ ಒಣಗುತ್ತಿದ್ದವು. ಎಲ್ಲಕ್ಕೂ ಕಣ್ಣಿನ ಗೂಡಿನ ಮೇಲೆ ಹಳೇ ಪಂಚೆಯ ಪಟ್ಟಿ. ನಾನು ಬಸುರಿ, ಹೆದರಬಾರದು ಎಂದು ಅವರೇ ಕಟ್ಟಿದ್ದು. ಕಣ್ಣು ಕಟ್ಟಿದ ಬುರುಡೆ ಬರಿಯ ಬುರುಡೆಗಿಂತ ಭಯಂಕರ ಎಂದು ಆ ಪುಣ್ಯಾತ್ಮರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಐವತ್ತರ ದಶಕದ ಕೊನೆ. ಯಲಹಂಕದಲ್ಲಿ ಅವರ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಹಿಂದೆ ಯಾರೋ ಬೇಟೆಗಾರ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಕಲಿತ ವಿದ್ಯೆ ಅವರದು. ತಲೆಯ ಚರ್ಮ ಸುಲಿದು, ತಗಡಿನ ಡ್ರಮ್ಮಿನಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಮಾಂಸ ಕೆರೆದು, ಕೊಂಬು ಸಡಿಲಿಸಿ ತೊಳೆದು, ಗೋಡೆಗೆ ತೂಗುಹಾಕುವಂತೆ ಹಲಸಿನ ಹಲಗೆಗೆ ಕೂರಿಸುತ್ತಿದ್ದರು. "ಬಿಸಿ ಆಗ್ಬೇಕು ಕಮಲಮ್ಮ, ಬೇಯ್ಬಾರ್ದು. ಬೆಂದ್ರೆ ಮೂಳೆ ಬಿರೀತದೆ" ಎಂದು ನನಗೂ ಪಾಠ. ಆ ವಾಸನೆಗೆ ನನಗೆ ಅನ್ನ ಸೇರುತ್ತಿರಲಿಲ್ಲ. ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಬಯಕೆಗೆಂದು ಹುಣಿಸೆಕಾಯಿ ತಂದುಕೊಡುತ್ತಿದ್ದವರೂ ಅವರೇ.

ಒಂದು ದಿನ ಪಕ್ಕದ ಕೋಗಿಲು ಊರಿನ ರೈತನೊಬ್ಬ ತನ್ನ ಎತ್ತಿನ ತಲೆಯನ್ನು ಗೋಣಿಚೀಲದಲ್ಲಿ ತಂದ. ಹಾವು ಮುಟ್ಟಿ ಸತ್ತಿತೆಂದು ಹೇಳಿ ಕಣ್ಣೊರೆಸಿಕೊಂಡು ಹೋದ. ಮುನಿಶಾಮಣ್ಣ ಸುಲಿಯುತ್ತಿದ್ದಂತೆ ಎತ್ತಿನ ಮೂಗಿನಿಂದ ಕಪ್ಪು ರಕ್ತ ಇಳಿಯಿತು, ಹೆಪ್ಪುಗಟ್ಟಲಿಲ್ಲ. ಅವರು ಚಾಕು ಕೆಳಗಿಟ್ಟರು. ಅಷ್ಟರಲ್ಲಿ ಅದರ ಅಲಗು ಅವರ ಮಣಿಕಟ್ಟಿಗೆ ಒಮ್ಮೆ ತಾಗಿಯಾಗಿತ್ತು.

ಅದು ನೆರಡಿ ರೋಗ, ಡಾಕ್ಟರು ಆಂಥ್ರಾಕ್ಸ್ ಅನ್ನುವುದು; ಸತ್ತ ದನದ ರಕ್ತ ತಾಗಿದರೆ ಮನುಷ್ಯರಿಗೂ ಅಂಟಿ ಕೊಲ್ಲುತ್ತದೆ. ಹಾಗೆ ಸತ್ತ ದನವನ್ನು ಕುಯ್ಯದೆ ಇಡಿಯಾಗಿ ಹೂಳುವುದು ನಮ್ಮ ಕಡೆಯ ಕಟ್ಟುಪಾಡು. ಹೂತರೆ ತಲೆ ಉಳಿಯದು. ಮಗನಂತೆ ಸಾಕಿದ ಎತ್ತಿನ ನೆನಪಿಗೆ ತಲೆಯಾದರೂ ಇರಲೆಂದು ಆ ರೈತ ಸುಳ್ಳು ಹೇಳಿದ್ದ.

ಮುನಿಶಾಮಣ್ಣ ಒಬ್ಬರೇ ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಆ ತಲೆಯನ್ನು ಹೂತರು. ನನ್ನನ್ನು ಹಿತ್ತಿಲಿಗೆ ಬಿಡಲಿಲ್ಲ. ಮಣಿಕಟ್ಟಿನಲ್ಲಿ ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದು, ಎರಡೇ ದಿನಕ್ಕೆ ನಡುವೆ ಕಪ್ಪಾಯಿತು. ನೋವಿದೆಯಾ ಎಂದು ಬಾಗಿಲಲ್ಲೇ ನಿಂತು ಕೇಳಿದೆ.

"ನೋವಿದ್ರೆ ಎದರ್ತಿರ್ಲಿಲ್ಲ ಕಮಲಮ್ಮ. ನೋವೇ ಇಲ್ಲ, ಅದಕ್ಕೇ ಎದರಿಕೆ."

ಅವರು ಹೆದರಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ತೋಳು ಊದಿ ಜ್ವರ ಏರಿದ ಮೇಲೆ ಅವರನ್ನು ಜಟಕಾದಲ್ಲಿ ಆಸ್ಪತ್ರೆಗೆ ಹೊರಡಿಸಿದೆವು. ಹತ್ತಿ ಕೂತ ಮುನಿಶಾಮಣ್ಣ ನನ್ನ ಯಜಮಾನರನ್ನು ಕರೆದರು. ಆ ರೈತನಿಗೆ ಶಾಪ ಹಾಕುತ್ತಾರೆಂದುಕೊಂಡೆ, ನಾನಾಗಿದ್ದರೆ ಹಾಕುತ್ತಿದ್ದೆ.

"ಸೈಕಲ್ ತಗೊಂಡು ಕೋಗಿಲಿಗೆ ಓಗ್ಬನ್ನಿ ಸ್ವಾಮಿ. ಅವ್ನು ಎತ್ತನ್ನ ತಬ್ಕೊಂಡು ಅತ್ತಿರ್ತಾನೆ. ಅವನ ಕೈ ನೋಡಿ."

ಯಜಮಾನರು ಹೋಗಿ ನೋಡಿ ಬಂದರು. ಆತನ ಕೈಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಆ ಸುದ್ದಿ ಹೇಳಲು ಮಾರನೆಯ ದಿನ ಆಸ್ಪತ್ರೆಗೆ ಹೋದಾಗ ಮುನಿಶಾಮಣ್ಣನವರ ಮಂಚ ಖಾಲಿಯಾಗಿತ್ತು.