ಮುನೇಶ್ವರನ ತಿರುವಿನಲ್ಲಿ ಹಾಕಿದ ಧೂಪ

ಹೋದ ವರ್ಷ ಆಯುಧಪೂಜೆ ಕಳೆದ ಮೇಲಿನ ಭಾನುವಾರ. ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಸಿಂಧುವಿಗೆ ಅಂದು ಗೋ-ಕಾರ್ಟ್ ಎಂಬ ಪುಟ್ಟ ಗಾಡಿಗಳ ರೇಸು. ಮೊದಲ ಮೂವರಲ್ಲಿ ಬಂದರೆ ಒಂದು ತಂಡದಲ್ಲಿ ಜಾಗ. ಬರದಿದ್ದರೆ ಈ ಹುಚ್ಚು ಬಿಟ್ಟು ತೆಪ್ಪಗೆ ಓದಬೇಕು ಎಂದು ಅವಳಪ್ಪ ಕರಾರು ಹಾಕಿದ್ದರು. ಪೀಣ್ಯದಲ್ಲಿ ಲೇತ್ ನಡೆಸುವ ಅವರು ಜೊತೆಗೆ ಬರಲೂ ಇಲ್ಲ. ಚಿಕ್ಕಬಾಣಾವರದಿಂದ ನಾವಿಬ್ಬರೇ ಹೊರಟೆವು.

ಟ್ರ್ಯಾಕ್ ಇರುವುದು ಚಂದಾಪುರದ ಆಚೆ, ನನ್ನ ತವರಿನವರ ರಾಗಿ ಹೊಲದಲ್ಲಿ. ಹೊಲ ಮಾರಿದ ಮೇಲೆ ಅಲ್ಲಿ ಲೇಔಟ್ ಆಗಬೇಕಿತ್ತು, ಅರ್ಧಕ್ಕೇ ನಿಂತಿತು. ಆಮೇಲೆ ಬೈಕಿನ ಹುಡುಗರು ಕೆಲವು ಕಾಲ ಧೂಳೆಬ್ಬಿಸಿದರು. ಕೊನೆಗೆ ಯಾರೋ ಗುತ್ತಿಗೆ ಹಿಡಿದು ಟಾರು ಹಾಕಿಸಿದರು. ಬೇವಿನ ಮರದಡಿಯ ನಮ್ಮ ಮುನೇಶ್ವರನ ಕಲ್ಲನ್ನು ಕೀಳಲು ಮಾತ್ರ ಜೆಸಿಬಿಯವನು ಸುತರಾಂ ಒಪ್ಪಲಿಲ್ಲವಂತೆ. ಹಾಗಾಗಿ ನೆಟ್ಟಗೆ ಹೋಗಬೇಕಿದ್ದ ದಾರಿ ಅಲ್ಲಿ ಹಠಾತ್ತನೆ ತಿರುಗುತ್ತದೆ. ಎಂಥ ಶೂರನೂ ಮುನೇಶ್ವರನ ಮುಂದೆ ಬ್ರೇಕ್ ಒತ್ತಲೇಬೇಕು. ನಾನು ಆಡಿ ಬೆಳೆದ ನೆಲ, ಆದರೂ ಬಾವಿ ಎಲ್ಲಿತ್ತು, ಕಣ ಎಲ್ಲಿತ್ತು, ಒಂದೂ ತಿಳಿಯಲಿಲ್ಲ.

ರೇಸ್ ಶುರುವಾಯಿತು. ಸಿಂಧುವಿನ ಹಳದಿ ಗಾಡಿಯನ್ನೇ ನೋಡುತ್ತಿದ್ದೆ. ಒಮ್ಮೆ ನಡುವೆ ಇರುತ್ತದೆ, ಒಮ್ಮೆ ಕಾಣುವುದೇ ಇಲ್ಲ. ಎಷ್ಟು ಸುತ್ತಾಯಿತೋ ದೇವರೇ ಬಲ್ಲ. ಆಮೇಲೆ ನೋಡಿದರೆ ಹಳದಿ ಗಾಡಿ ಎಲ್ಲರಿಗಿಂತ ಮುಂದಿದೆ, ಹಿಂದೆಯೇ ಒಂದು ಕೆಂಪು ಗಾಡಿ ಅಟ್ಟಿಸಿಕೊಂಡು ಬರುತ್ತಿದೆ. ಇನ್ನೇನು ದಾಟಿಯೇಬಿಡುತ್ತದೆ ಅನ್ನಿಸಿತು. ನಮ್ಮ ಕಡೆ ಕಷ್ಟ ಬಂದರೆ ಮುನೇಶ್ವರನಿಗೆ ಧೂಪ ಹಾಕುವುದು ವಾಡಿಕೆ. ಬೇಲಿಯ ಹೊರಗಿಂದ ಕಲ್ಲಿನ ಹತ್ತಿರ ಓಡಿ, ಸಂಜೆಯ ಪೂಜೆಗೆಂದು ತಂದಿದ್ದ ತೆಂಗಿನ ನಾರಿಗೆ ಬೆಂಕಿ ಹಚ್ಚಿ ಸಾಂಬ್ರಾಣಿ ಸುರಿದೆ. ನಾರು ಹಸಿಯಾಗಿತ್ತು. ದಟ್ಟವಾಗಿ ಎದ್ದ ಹೊಗೆ ನೇರ ಟ್ರ್ಯಾಕಿನ ಮೇಲೆ ಹೋಯಿತು.

ತಿರುವಿನಲ್ಲಿ ಕಾವಲಿಗೆ ನಿಂತಿದ್ದ ರೇಸಿನವನು ಕೆಂಪು ಬಾವುಟ ಬೀಸಿದ. ಗಾಡಿಗಳೆಲ್ಲ ನಿಂತವು. ರೇಸ್ ಮುಗಿಯಿತು, ಮಗಳು ಗೆದ್ದಳು ಎಂದುಕೊಂಡು ನಾನು ಕೈ ಮುಗಿದೆ. ಅಷ್ಟರಲ್ಲಿ ಅವನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದು ಬಿಳಿ ಪುಡಿ ಎರಚಿಯೇಬಿಟ್ಟ. ನಾನೂ ಮುನೇಶ್ವರನೂ ವಿಭೂತಿ ಬಳಿದುಕೊಂಡಂತಾದೆವು.

“ಏನಕ್ಕ ಇದು? ಗಾಡಿಗೆ ಬೆಂಕಿ ಬಿತ್ತು ಅಂದ್ಕೊಂಡ್ವಲ್ಲ.”

“ಧೂಪ ಕಣಪ್ಪ. ದೇವ್ರಿಗೆ.”

ಅವನು ನನ್ನನ್ನು ನೋಡಿದ, ಕಲ್ಲನ್ನು ನೋಡಿದ. ಬೈಯಬೇಕೋ ಬೇಡವೋ ಗೊತ್ತಾಗದೆ ದೇವರಿಗೊಂದು ಕೈ ಮುಗಿದು ಹೋದ.

ಗಾಡಿಗಳನ್ನು ಮತ್ತೆ ಒಂದರ ಹಿಂದೊಂದು ನಿಲ್ಲಿಸಿ ಉಳಿದ ಸುತ್ತುಗಳನ್ನು ಓಡಿಸಿದರು. ಸಿಂಧು ಮೂರನೆಯವಳಾಗಿ ಬಂದಳು. ಮೊದಲಿದ್ದವಳನ್ನು ಮೂರನೆಗೆ ಇಳಿಸಿದೆನಲ್ಲ ಎಂದು ನನಗೆ ಅಳುವೇ ಬಂತು.

“ತಪ್ಪಾಯ್ತು ಕಣೇ. ನೀನು ಮೊದಲು ಬರ್ತಿದ್ದೆ, ನಾನೇ ಹಾಳ್ಮಾಡ್ದೆ.”

“ಎಲ್ಲಿ ಮೊದಲಮ್ಮ? ನಾನು ಕೊನೇಲಿದ್ದೆ. ಮೊದಲಿದ್ದಿದ್ದು ಆ ಕೆಂಪು ಗಾಡಿ, ನನಗಿಂತ ಹೆಚ್ಚೂಕಮ್ಮಿ ಒಂದು ಸುತ್ತು ಮುಂದಿತ್ತು, ನನ್ನನ್ನ ದಾಟೋಕೆ ಬರ್ತಿತ್ತು. ನೀನು ನಿಲ್ಲಿಸಿದ್ದಕ್ಕೇ ಎಲ್ಲಾರೂ ಒಟ್ಟಿಗಾದ್ವಿ, ನಾನು ದಾಟ್ಕೊಂಡು ಮುಂದೆ ಬಂದೆ.” ಹಾಗೆಂದು ನನ್ನನ್ನು ತಬ್ಬಿಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೆಂಪು ಗಾಡಿಯ ಹುಡುಗ ನಾಲ್ಕನೆಯವನಾಗಿದ್ದ. ಎರಡನೇ ಸಲ ಬಿಟ್ಟಾಗ ಇನ್ನೊಂದು ಗಾಡಿ ತಗುಲಿ ಹಿಂದೆ ಬಿದ್ದನಂತೆ. ತಂಡದ ಜಾಗವೂ ಕೈತಪ್ಪಿತು. ಅವನ ತಾಯಿ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ಕಂಡೂ ಕಾಣದಂತೆ ಹೋಗಲು ನನ್ನಿಂದಾಗಲಿಲ್ಲ. ಹತ್ತಿರ ಹೋಗಿ, ಹೊಗೆ ಹಾಕಿದವಳು ನಾನೇ ಎಂದೆ. ಅವರ ಕಣ್ಣು ತುಂಬಿತ್ತು.

“ಯಾವ ದೇವ್ರು ಅದು?” ಎಂದು ಕೇಳಿದರು.

“ಮುನೇಶ್ವರ. ನಮ್ಮ ತವರಿನ ದೇವ್ರು.”

“ನನ್ ಮಗನ ಹೆಸರು ಕಾರ್ತಿಕ್. ಮುಂದಿನ ಸಲ ಅವನಿಗೂ ಸೇರಿಸಿ ಕೇಳ್ಕೊಳ್ಳಿ ಅಕ್ಕ. ಧೂಪ ಮಾತ್ರ ಬೇಡ.”

ಸಿಂಧು ಈಗ ತಂಡದಲ್ಲಿದ್ದಾಳೆ. ಅವಳಪ್ಪನೇ ರೇಸಿಗೆ ಕರೆದುಕೊಂಡು ಹೋಗುತ್ತಾರೆ. ನನಗೂ ಸಂತೋಷವೇ. ಆದರೆ ಅಂದು ದೇವರು ಯಾರ ಕೈ ಹಿಡಿದ, ಯಾರ ಕೈ ಬಿಟ್ಟ, ನಡುವೆ ನಾನು ಮಾಡಿದ್ದು ಪುಣ್ಯವೋ ಪಾಪವೋ ಇಂದಿಗೂ ಬಗೆಹರಿದಿಲ್ಲ. ಮುನೇಶ್ವರನ ಮುಂದೆ ನಿಂತು ಕಣ್ಣು ಮುಚ್ಚಿದರೆ ನನ್ನ ಬಾಯಿಗೆ ಮೊದಲು ಬರುವ ಹೆಸರು ಕಾರ್ತಿಕ್.