ಜ್ವರದ ದಿನ ಎಷ್ಟು?

"ಎಷ್ಟ ದಿನ ಇತ್ತಬೇ ಜ್ವರ?"

"ಎರಡ ದಿನ."

ಕಳೆದ ವಾರ ವಳಕಮದಿನ್ನಿಯ ಗದ್ದೆ ಬದುವಿನ ಮೇಲೆ ಈ ಉತ್ತರ ಹನ್ನೊಂದು ಸಲ ನನ್ನ ಕಿವಿಗೆ ಬಿತ್ತು. ಪ್ರಶ್ನೆ ನನ್ನ ಅಕ್ಕನ ಮಗಳು ಸುಮಾಳದು. ಸಿಂಧನೂರಿನವಳು, ಗಣಿತದಲ್ಲಿ ಎಂ.ಎಸ್ಸಿ. ಜ್ವರ ಊರೊಳಗೆ ಹೇಗೆ ಹಬ್ಬುತ್ತದೆ ಅನ್ನೋದು ಆಕೆಯ ಪ್ರಾಜೆಕ್ಟ್. ಉತ್ತರ ಕೊಟ್ಟವರು ಭತ್ತದ ನಾಟಿಗೆ ಬಂದ ಹೆಣ್ಣುಮಕ್ಕಳು. ನಾನು? ಬೈಕ್ ಓಡಿಸುವವನು.

ದಾರಿಯಲ್ಲೇ ಲೆಕ್ಕ ಬಿಡಿಸಿ ಹೇಳಿದ್ದಳು. ಮುಖ್ಯ ಪ್ಯಾರಾಮೀಟರ್ ಎರಡು. ರೋಗಿ ದಿನಕ್ಕೆ ಎಷ್ಟು ಮಂದಿಗೆ ಅಂಟಿಸುತ್ತಾನೆ? ಎಷ್ಟು ದಿನ ಅಂಟಿಸುತ್ತಾನೆ? ಎರಡನ್ನೂ ಗುಣಿಸಬೇಕು. ಎರಡು ದಿನಕ್ಕೆ ಒಬ್ಬರಿಗೆ ಅಂಟುತ್ತದೆ ಅನ್ನಿ. ಎರಡು ದಿನದ ರೋಗಿಯಿಂದ ಒಬ್ಬರಿಗೆ, ಆರು ದಿನದ ರೋಗಿಯಿಂದ ಮೂವರಿಗೆ. (ಅಂಟಿಸುವ ದಿನ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೇ ಜ್ವರದ ದಿನ ಕೇಳುವುದು.)

"ಎಲ್ಲರದೂ ಎರಡ ದಿನ ಅಂದ್ರ ಇದು ಇಷ್ಟ ಹಬ್ಬಬಾರದು ಮಾಮಾ. ಆದ್ರ ಹಬ್ಬೈತಲ್ಲ" ಅಂತ ಸುಮಾ ಪೆನ್ನು ಕಚ್ಚಿದಳು.

ಗುಂಪಿನ ಹಿರಿಯಾಕೆ ಈರಮ್ಮ ಕೆಸರಿನ ಕೈ ತೊಳೆದುಕೊಂಡು ಬಂದಳು. "ಮುಗೀತೇನು ನಿಂದು? ಸಂಜಿ ಬಸ್ಸಿಗೆ ಲಿಂಗಸುಗೂರಿಗೆ ಹೊಂಟೀನಿ. ಸೊಸಿ ತವರಮನ್ಯಾಗ ಹಡದಾಳ. ಕೂಸಿನ್ನ ಇನ್ನಾ ನೋಡಿಲ್ಲ."

ಸುಮಾ ಖುಷಿಯಿಂದ ಆಕೆಯ ಕೈ ಹಿಡಿದಳು. ಹಿಡಿದ ಕೈ ಬಿಡಲಿಲ್ಲ.

"ಯವ್ವಾ, ಮೈ ಸುಡಾಕತ್ತೈತಲ್ಲ."

"ಸುಡತೈತಿ. ಏನೀಗ?"

"ಎರಡ ದಿನ ಅಂದ್ಯಲ್ಲಬೇ?"

"ಹಾಸಿಗ್ಯಾಗ ಮಕ್ಕೊಂಡಿದ್ದು ಎರಡ ದಿನ. ದುಡಿಯಾಕ ಬಂದ ದಿನಾನೂ ಜಡ್ಡಿನ ದಿನಕ್ಕ ಹಾಕೋತಾರೇನ ಹುಚ್ಚಿ?"

"ಹಂಗ ಹಾಕಿದ್ರ ನಂದೂ ವಾರ ಆತು ನೋಡು" ಅಂದಳು ಹಿಂದಿನಿಂದ ಒಬ್ಬಾಕೆ. ಎಲ್ಲರೂ ನಕ್ಕರು.

ಸುಮಾ ನಗಲಿಲ್ಲ. ಹನ್ನೊಂದೂ ಉತ್ತರಕ್ಕೆ ಅಡ್ಡ ಗೀಟು ಹಾಕಿ ಹೊಸದಾಗಿ ಕೇಳಿದಳು. ಮೈ ಕಾದದ್ದು ಯಾವತ್ತು, ತಣ್ಣಗಾದದ್ದು ಯಾವತ್ತು? ಐದು, ಆರು, ಏಳು ಅಂತ ಬಂತು. ಮೂವರದು ಇನ್ನೂ ತಣ್ಣಗಾಗಿರಲೇ ಇಲ್ಲ. ಅವರಲ್ಲಿ ಈರಮ್ಮನೂ ಒಬ್ಬಳು.

"ಈ ಮೈಯಾಗ ಕೂಸಿನ ಹತ್ರ ಹೋಗಬ್ಯಾಡಬೇ" ಅಂದಳು ಸುಮಾ.

ಈರಮ್ಮ ಸೆರಗಿನಿಂದ ಕೈ ಒರೆಸಿದಳು, ಒಣಗಿದ ಕೈಯನ್ನೇ ಮತ್ತೆ ಒರೆಸಿದಳು.

"ಆತು, ಬಸ್ಸು ಬಿಡತೀನಿ. ನಾಡಿದ್ದು ಮಸ್ಕಿ ಕಡೆ ನಾಟಿ ಐತಿ. ಅದನ್ನೂ ಬಿಡು ಅಂತೀಯೇನು?"

ಸುಮಾ ನನ್ನ ಮುಖ ನೋಡಿದಳು. ನಾನು ಬೈಕಿನ ಕಡೆ ನೋಡಿದೆ.

ಜ್ವರದಲ್ಲೇ ದುಡಿಯುವವರು ಗದ್ದೆಯಲ್ಲಷ್ಟೇ ಇದ್ದಾರೆಯೇ? ಹೋದ ಸಲ ನಿಮ್ಮ ಮನೆಯಾಕೆಗೆ ಮೈ ಕಾದಾಗ ರೊಟ್ಟಿ ಬಡಿದವರು ಯಾರು?