ಎಳೀಬೇಡ, ತಳ್ಳು

ಎತ್ತಿನಗಾಡಿ ಹೊಡೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ, ಅದು ನೋಡಿ ನೋಡಿಯೇ ಬಂದ ವಿದ್ಯೆ. ಆ ವಿದ್ಯೆಯೇ ನನ್ನ ಮೋಟಾರ್ ಸೈಕಲ್ಲಿಗೆ ಶನಿಯಾಗಿ ವಕ್ಕರಿಸಿತು.

ಐವತ್ತರ ದಶಕದ ಮಾತು. ಹಂಪಾಪುರದ ಹತ್ತಿರದ ನಮ್ಮೂರಿಗೆಲ್ಲ ಒಂದೇ ಪಟಪಟಿ, ಅದು ನನ್ನದು. ಪಿರಿಯಾಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಕೊಡಗಿನ ಮಾಜಿ ಸಿಪಾಯಿಯೊಬ್ಬರಿಂದ ಹಳೆಯದನ್ನೇ ಕೊಂಡಿದ್ದೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ನನ್ನ ಅಕ್ಕನ ಮಗಳೇ; ತಾಳಿ ಕಟ್ಟಿದ ಮೇಲೂ ಮಾವ ಎಂದೇ ಕರೆಯುತ್ತಿದ್ದಳು. ಅವಳನ್ನು ಹಿಂದೆ ಕೂರಿಸಿಕೊಂಡು ಚುಂಚನಕಟ್ಟೆಯ ಅಕ್ಕನ ಮನೆಗೆ ಹೊರಟರೆ ನನ್ನಂಥ ದೊರೆ ಇನ್ನೊಬ್ಬನಿಲ್ಲ ಅನ್ನಿಸುತ್ತಿತ್ತು. ಅಂಥ ಸಂತೋಷ ಆಮೇಲೆ ಯಾವ ಗಾಡಿಯಲ್ಲೂ ಸಿಗಲಿಲ್ಲ.

ಒಂದು ದಿನ ಹಾಗೆ ಹೋಗುವಾಗ ಕರುವೊಂದು ಅಡ್ಡ ನುಗ್ಗಿತು. ಎತ್ತಿನಗಾಡಿಯನ್ನು ಎಡಕ್ಕೆ ತಿರುಗಿಸಲು ಎಡಗಡೆಯ ಹಗ್ಗ ಎಳೆಯಬೇಕು. ನಾನು ಹ್ಯಾಂಡಲ್ಲಿನ ಎಡಗಡೆಯನ್ನೂ ಹಾಗೇ ಜಗ್ಗಿ, "ಹೋ ಹೋ" ಎಂದು ಕೂಗಿದೆ. ಪಟಪಟಿ ಬಲಕ್ಕೆ ವಾಲಿ ಕಳ್ಳಿಬೇಲಿಗೆ ನುಗ್ಗಿತು. ಕರುವಿಗೆ ಏನೂ ಆಗಲಿಲ್ಲ. ಅವಳ ಮಂಡಿ ತರಚಿ, ಎರಡೂ ಕೈಯ ಬಳೆಗಳು ಪುಡಿಯಾಗಿದ್ದವು.

"ಇನ್ನು ನಾನು ಇದ್ನ ಹತ್ತಾಕಿಲ್ಲ ಕಣ್ ಮಾವ" ಎಂದವಳೇ ಕುಂಟುತ್ತ ಬಸ್ಸು ನಿಲ್ಲುವ ಕಡೆ ನಡೆದಳು. ಆಮೇಲೆ ತವರಿಗೆ ಹೋದರೂ ಬಸ್ಸೇ. ಖಾಲಿ ಸೀಟು ಹೊತ್ತುಕೊಂಡು ತಿರುಗುವುದು ನನಗೆ ಬೇಸರವಾಗಿಹೋಯಿತು.

ಸಿಪಾಯಿಯವರನ್ನೇ ಹೋಗಿ ಕೇಳಿದೆ. "ವೇಗದಲ್ಲಿ ಎಳೆಯಬಾರದು, ಎಳೆದರೆ ಗಾಡಿ ವಿರುದ್ಧ ದಿಕ್ಕಿಗೆ ವಾಲುತ್ತದೆ. ಯಾವ ಕಡೆ ಹೋಗಬೇಕೋ ಆ ಕಡೆಯ ಹ್ಯಾಂಡಲನ್ನು ಮುಂದಕ್ಕೆ ತಳ್ಳಿ" ಎಂದರು. ಊರ ಗೋಮಾಳದಲ್ಲಿ ಮಡಕೆಗಳನ್ನು ಸಾಲಾಗಿ ಇಟ್ಟು ಅಭ್ಯಾಸಕ್ಕಿಳಿದೆ. ತಳ್ಳಬೇಕೆಂದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಒಂದನ್ನು ಬಿಟ್ಟು ಮನೆಯ ಮಡಕೆಗಳೆಲ್ಲ ಒಂದೊಂದಾಗಿ ಒಡೆದವು. ಅವಳು ಬೇವಿನ ಮರದಡಿ ಕೂತು, "ತಳ್ಳು ಮಾವ, ತಳ್ಳು! ಎತ್ತಲ್ಲ ಅದು!" ಎಂದು ರೇಗಿಸುತ್ತಿದ್ದಳು.

ಕೊನೆಗೂ ಕೈ ಪಳಗಿತು. ಕೊನೆಯ ಮಡಕೆಯನ್ನು ಎರಡು ದಿನ ಮುಟ್ಟದೆ ತಪ್ಪಿಸಿದೆ. "ಈಗಲಾದ್ರೂ ಹತ್ತೀಯಾ?" ಎಂದು ಕೇಳಿದೆ.

ಅವಳು ಎದ್ದು ಬಂದು ಆ ಮಡಕೆಯನ್ನು ಕಂಕುಳಿಗೆ ಎತ್ತಿಕೊಂಡು, ಅದಿದ್ದ ಜಾಗದಲ್ಲಿ ತಾನೇ ನಿಂತಳು. "ಸಾರು ಮಾಡಾಕೆ ಉಳ್ದಿರಾದು ಇದೊಂದೇಯ. ನಾನೇ ನಿಂತ್ಕತೀನಿ, ಬಾ."

ಬೈದೆ, ಗೋಗರೆದೆ. ಅವಳು ಅಲುಗಲಿಲ್ಲ. ದೂರದಿಂದ ಬಂದೆ. ಹತ್ತು ಮಾರು ದೂರವಿರುವಾಗ ಎಡಗೈ ತಳ್ಳಿದೆ. ಅವಳು ಕಣ್ಣು ಮುಚ್ಚಿರಲಿಲ್ಲ. ಸೆರಗು ನನ್ನ ಮೊಣಕೈ ಸವರಿತು. ಆಚೆ ಹೋಗಿ ನಿಲ್ಲಿಸಿದಾಗ ಕಾಲು ನಡುಗಿ ನನಗೆ ಇಳಿಯಲಾಗಲಿಲ್ಲ.

ಅವಳು ನಗುತ್ತ ಬಂದು ಮಡಕೆ ಸಮೇತ ಹಿಂದೆ ಕೂತಳು. "ನಡಿ, ಅವ್ವನ ಮನೆಗೆ" ಎಂದು ಹೆಗಲ ಮೇಲೆ ಕೈಯಿಟ್ಟಳು. ಆ ಕೈ ನನ್ನ ಕಾಲಿಗಿಂತ ಹೆಚ್ಚು ನಡುಗುತ್ತಿತ್ತು.